ರಿಲೇ: ಒಂದು ಕಿರು ಉಪಕರಣದ ಬದಲಾವಣೆಯ ವಿಚಾರ

ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು 1842ರಲ್ಲಿ ಜನಿಸಿದ ನಿಫಾಡ್, ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು. ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಚಳಿ ದಾಖಲಾಗುವ ಸ್ಥಳಗಳಲ್ಲಿ ಅದೂ ಒಂದು. ಕೆಲವು ವರ್ಷ ಉಷ್ಣಮಾನವು 5 ಡಿಗ್ರಿಗಿಂತ ಕೆಳಗಿಳಿದು, ದ್ರಾಕ್ಷಿ ಬೆಳೆಗಾರರು ತೋಟದಲ್ಲಿ ಬೆಂಕಿ ಹಾಕಿ ಬಳ್ಳಿಗಳನ್ನು ಕಾಯುವುದುಂಟು. ಬೇಸಗೆಯಲ್ಲಿ ಅದೇ ಊರು 40 ಡಿಗ್ರಿಯ ಸೆಖೆಯಲ್ಲಿ ಬೇಯುತ್ತದೆ. ಇಂತಹ ಊರಿನಲ್ಲಿ ಚಳಿಗೆ ಬಿಸಿಗಾಳಿಯನ್ನೂ ಬೇಸಗೆಗೆ ತಂಪನ್ನೂ ಕೊಡುವ ಯಂತ್ರವು ಮನೆಗೆ ಬಂದರೆ, ಅದರೊಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಉಪಕರಣವು ವರ್ಷವಿಡೀ ದುಡಿಯುತ್ತದೆ. ಅದೇ ರಿಲೇ.

ಹೆಸರಿನ ಮೂಲ ಸ್ವಾರಸ್ಯಕರವಾದುದು. ದೂರಪ್ರಯಾಣದಲ್ಲಿ ದಣಿದ ಕುದುರೆಯನ್ನು ಬಿಟ್ಟು ಹೊಸದನ್ನು ಹೂಡುವ ಪದ್ಧತಿಗೆ ಯುರೋಪಿನಲ್ಲಿ ಈ ಹೆಸರಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಮೈಸೂರು ಅಂಚೆಯಲ್ಲಿ ಓಲೆಯು ಹರಿಕಾರನಿಂದ ಹರಿಕಾರನಿಗೆ ಕೈಬದಲಾಗಿ ಮುಂದೆ ಸಾಗುತ್ತಿದ್ದುದೂ ಇದೇ ತತ್ತ್ವ. ತಂತಿವಾರ್ತೆಯ ಯುಗದಲ್ಲಿ, ದೂರದಿಂದ ಬಂದು ಕ್ಷೀಣಿಸಿದ ಪ್ರವಾಹವು ಹೊಸ ಪ್ರವಾಹವೊಂದನ್ನು ಹೊರಡಿಸುವ ಸಾಧನಕ್ಕೆ ಆ ಹೆಸರೇ ಅಂಟಿಕೊಂಡಿತು.

ಅದರ ಕ್ರಮ ಸರಳ. ಒಳಗಿನ ತಂತಿಸುರುಳಿಗೆ 12 ವೋಲ್ಟಿನ ಅಲ್ಪ ಪ್ರವಾಹ ಹರಿದಾಗ ಅದು ಅಯಸ್ಕಾಂತವಾಗಿ ಕಬ್ಬಿಣದ ಎಲೆಯೊಂದನ್ನು ಸೆಳೆಯುತ್ತದೆ; ಬೆಳ್ಳಿಯ ಮಿಶ್ರಲೋಹದ ಎರಡು ಬೊಟ್ಟುಗಳು ಕೂಡಿ, 230 ವೋಲ್ಟಿನ ಪ್ರಬಲ ಪ್ರವಾಹಕ್ಕೆ ದಾರಿಯಾಗುತ್ತದೆ. ಬ್ಯಾಂಕಿನಲ್ಲಿ ಅಧಿಕಾರಿಯ ಕಿರುಸಹಿಯು ತಾನು ಹಣವನ್ನು ಮುಟ್ಟದೆಯೇ ದೊಡ್ಡ ಮೊತ್ತವನ್ನು ಹೊರಡಿಸುವಂತೆ ಇದು.

ಕೂಡುವಾಗಲೂ ಅಗಲುವಾಗಲೂ ಬೊಟ್ಟುಗಳ ನಡುವೆ ಕಿಡಿ ಹಾರುತ್ತದೆ. ವರ್ಷಗಳು ಕಳೆದಂತೆ ಅವು ಕಪ್ಪಾಗಿ, ಗುಳಿಬಿದ್ದು, ಕಡೆಗೆ ಕೆಡುತ್ತವೆ. ಸುರುಳಿ ಸುಟ್ಟುಹೋದರೆ ಯಂತ್ರ ನಿಲ್ಲುತ್ತದೆ, ಅಷ್ಟೇ. ಆದರೆ ಬೊಟ್ಟುಗಳು ಕರಗಿ ಒಂದಕ್ಕೊಂದು ಬೆಸೆದುಕೊಂಡರೆ, ಗುಂಡಿ ಒತ್ತಿ ಆರಿಸಿದ ಮೇಲೂ ಯಂತ್ರ ಓಡುತ್ತಲೇ ಇರುತ್ತದೆ. ಕಾಯಿಸುವ ಯಂತ್ರದಲ್ಲಿ ಹೀಗಾದರೆ, ಅತಿಶಾಖಕ್ಕೆ ಕಡಿದುಕೊಳ್ಳುವ ರಕ್ಷಕವೊಂದರ ಮೇಲೆಯೇ ಮನೆಯ ಕ್ಷೇಮವು ನಿಂತಿರುತ್ತದೆ.

ಬದಲಿ ರಿಲೇಯನ್ನು ಆರಿಸುವುದರಲ್ಲಿ ಆಗುವ ತಪ್ಪು ಇಲ್ಲಿಯೇ ಅಪಾಯವಾಗುವುದು. ಆಕಾರವೂ ಕಾಲುಗಳೂ ಹೊಂದಿದರೆ ಸಾಲದು. ಸುರುಳಿಯ ವೋಲ್ಟು ಹಳೆಯದರಷ್ಟೇ ಇರಬೇಕು. ಬೊಟ್ಟುಗಳ ಆಂಪಿಯರ್ ಅದಕ್ಕಿಂತ ಕಡಿಮೆ ಇರಕೂಡದು. ಅಲ್ಲದೆ, ಆ ಅಂಕೆ ಯಾವ ಬಗೆಯ ಹೊರೆಗೆ ಹೇಳಿದ್ದೆಂಬುದನ್ನೂ ನೋಡತಕ್ಕದ್ದು. ಕಾಯುವ ತಂತಿಯು ಸೌಮ್ಯವಾದ ಹೊರೆ. ಒಂದೂವರೆ ಟನ್ನಿನ ಸ್ಥಿರವೇಗದ ಸಂಕೋಚಕವಾದರೋ ಓಡುವಾಗ ಏಳೆಂಟು ಆಂಪಿಯರ್ ತೆಗೆದುಕೊಂಡರೂ ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟನ್ನು ಎಳೆಯುತ್ತದೆ. 10 ಆಂಪಿಯರ್ ಎಂದು ಅಚ್ಚಾದ ಅಗ್ಗದ ರಿಲೇ ಅಲ್ಲಿ ಬೇಗನೆ ಬೆಸೆದುಹೋಗುವ ಸಂಭವವಿದೆ. ಆ ಜಾಗಕ್ಕೆ ಮೋಟಾರಿನ ಹೊರೆಗೆಂದೇ ಅಳತೆಮಾಡಿದ ರಿಲೇ ಬೇಕು. ಸೌರಫಲಕದ ಏಕಮುಖ ಪ್ರವಾಹದ ಮಾತು ಇನ್ನೂ ಬೇರೆ. ಮನೆಯ ಪರ್ಯಾಯ ಪ್ರವಾಹವು ಸೆಕೆಂಡಿಗೆ 100 ಬಾರಿ ಶೂನ್ಯಕ್ಕಿಳಿಯುವುದರಿಂದ ಕಿಡಿ ತಾನಾಗಿ ಆರುತ್ತದೆ. ಏಕಮುಖ ಪ್ರವಾಹದಲ್ಲಿ ಅಂತಹ ಬಿಡುವಿಲ್ಲ. ಒಂದೇ ರಿಲೇಯ ಮೇಲೆ 250 ವೋಲ್ಟು ಪರ್ಯಾಯಕ್ಕೂ ಬರಿಯ 30 ವೋಲ್ಟು ಏಕಮುಖಕ್ಕೂ ಎಂದು ಬರೆದಿರುವುದು ಇದಕ್ಕಾಗಿಯೇ.

ಹಳೆಯದು ಏಕೆ ಕೆಟ್ಟಿತೆಂಬುದನ್ನು ವಿಚಾರಿಸದೆ ಹೊಸದನ್ನು ಹಾಕುವುದೂ ಸರಿಯಲ್ಲ. ಹಳ್ಳಿಗಳ ಮಾರ್ಗದಲ್ಲಿ ವೋಲ್ಟು ಕುಸಿದಾಗ ಅಯಸ್ಕಾಂತದ ಹಿಡಿತ ಸಡಿಲವಾಗಿ ಬೊಟ್ಟುಗಳು ಪಟಪಟನೆ ಬಡಿದುಕೊಂಡು ಸುಟ್ಟಿರಬಹುದು. ಸಂಕೋಚಕದ ಕೆಪಾಸಿಟರ್ ದುರ್ಬಲವಾಗಿರಬಹುದು. ಹೊರಗಿನ ಪೆಟ್ಟಿಗೆಯಲ್ಲಿ ಮುಚ್ಚಳವಿಲ್ಲದ ಕಾಂಟ್ಯಾಕ್ಟರ್ ಇದ್ದರೆ ಇರುವೆಗಳು ಬೊಟ್ಟುಗಳ ನಡುವೆ ಸಿಕ್ಕಿ ಸತ್ತು ಪ್ರವಾಹವನ್ನೇ ತಡೆದಿರುವುದೂ ಉಂಟು! ಪರಿಶೀಲನೆಯನ್ನು ಬಲ್ಲ ಮಿಸ್ತ್ರಿಗೆ ಒಪ್ಪಿಸುವುದೇ ಲೇಸು. ಮುಖ್ಯ ಸ್ವಿಚ್ಚನ್ನು ಆರಿಸಿದ ಮೇಲೂ ಆ ಕೆಪಾಸಿಟರಿನಲ್ಲಿ ಆಘಾತಕ್ಕೆ ಸಾಕಾಗುವಷ್ಟು ವಿದ್ಯುತ್ತು ಉಳಿದಿರುತ್ತದೆ.