ಮೀನಿಲ್ಲದ ಆರು ವಾರ

ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಅಕ್ವೇರಿಯಂ ತರುತ್ತೇನೆ ಎಂದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಭಾರ ಎಷ್ಟಾಗುತ್ತೆ?’

ಲೆಕ್ಕ ಹಾಕಿದೆ. ನೀರೇ ಸುಮಾರು 680 ಕೆ.ಜಿ. 12 ಮಿ.ಮೀ. ದಪ್ಪದ ಗಾಜು, ಮರಳು, ಕಬ್ಬಿಣದ ಸ್ಟ್ಯಾಂಡ್ ಸೇರಿದರೆ ಒಂದು ಟನ್ ಹತ್ತಿರ! ನಮ್ಮದೋ ಮೊದಲ ಮಹಡಿ. ಸಿವಿಲ್ ಓದಿದ ಗೆಳೆಯ ಬಂದು ನೋಡಿ, ನಾನು ಆಸೆಪಟ್ಟಿದ್ದ ಕಿಟಕಿ ಪಕ್ಕದ ಜಾಗ ಬೇಡವೆಂದ. ಬೀಮ್ ಇರುವ ಕಡೆ, ಗೋಡೆ ಪಕ್ಕ ಇಟ್ಟೆವು. ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ ಎಂದು ಗೊತ್ತಾಗಿದ್ದು ಆಮೇಲೆ.

ಹಿಂದೊಮ್ಮೆ ಚಿಕ್ಕ ತೊಟ್ಟಿಗೆ ನಲ್ಲಿ ನೀರು ತುಂಬಿ ಅವತ್ತೇ ಹನ್ನೆರಡು ಮೀನು ಬಿಟ್ಟಿದ್ದೆ. ವಾರದೊಳಗೆ ಒಂದೂ ಉಳಿಯಲಿಲ್ಲ. ಅಂಗಡಿಯವರನ್ನು ಬೈದುಕೊಂಡಿದ್ದೆ, ತಪ್ಪು ನನ್ನದೇ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾ ವಿಷ. ಅದನ್ನು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಿನಲ್ಲಿ ನೆಲೆಯೂರಲು ವಾರಗಳೇ ಬೇಕು.

ಈ ಸಲ ಕ್ಲೋರಿನ್ ತೆಗೆದ ನೀರು ತುಂಬಿ, ಫಿಲ್ಟರ್ ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಕಾದೆ. ಬಂದವರೆಲ್ಲ ‘ಮೀನೆಲ್ಲಿ?’ ಎನ್ನುವವರೇ. ‘ನೀರಿಗೆ ಊಟ ಹಾಕ್ತಿದ್ದಾನೆ’ ಎಂದು ಅಮ್ಮ ನಗುತ್ತಿದ್ದಳು. ಕರೆಂಟ್ ಹೋದಾಗ ಇರಲೆಂದು ಬ್ಯಾಟರಿ ಏರ್ ಪಂಪ್ ಬೇರೆ ತಂದಿದ್ದೆ. ಆರನೇ ವಾರ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ!

ಅಂಗಡಿಯಲ್ಲಿ ಎರಡಿಂಚಿನ ಆಸ್ಕರ್ ಮರಿಗಳಿದ್ದವು. ಒಂದಡಿವರೆಗೆ ಬೆಳೆಯುವ ಮೀನು. ಎರಡು ಸಾಕು ಎಂದೆ.

‘ಅಷ್ಟು ದೊಡ್ಡ ತೊಟ್ಟಿಗೆ ಎರಡೇನಾ?’ ಅಂಗಡಿಯವರು ನಕ್ಕರು.