ರಕ್ತ ತುಂಬಿದ ಗುಂಡಿಗೆಗೂ ಹಸಿವು

ಆಳಂದದಿಂದ ಕಲಬುರಗಿಗೆ ಸುಮಾರು 40 ಕಿ.ಮೀ. ಜೇವರ್ಗಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಅಫಜಲಪುರದಿಂದ 60ರ ಆಸುಪಾಸು. ಮನೆಯಲ್ಲಿ ಯಾರಿಗಾದರೂ ನಡುರಾತ್ರಿ ಎದೆ ಬಿಗಿದು ಬೆವರಿಳಿಯತೊಡಗಿದರೆ ಈ ಮೂರೂ ತಾಲ್ಲೂಕುಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, ‘ಗ್ಯಾಸ್ ಆಗ್ಯಾದ, ಸೋಡಾ ಕುಡದ್ರ ಹೋಗ್ತದ.’ ಇನ್ನೊಂದು, ‘ಗಾಡಿ ತಗಿ, ಸೀದಾ ಕಲಬುರ್ಗಿಗೆ ನಡಿ.’ ಮೊದಲನೆಯದು ಜೀವಕ್ಕೇ ಎರವಾಗಬಹುದು. ಎರಡನೆಯದು ಅರ್ಧ ಮಾತ್ರ ಸರಿ. ಯಾಕೆಂದು ತಿಳಿಯಬೇಕಾದರೆ ಹೃದಯದ ಒಳಹೊಕ್ಕು ನೋಡಬೇಕು.

ನಾಲ್ಕು ಕೋಣೆ, ಎರಡು ಸುತ್ತು

ನಮ್ಮ ಹೃದಯ ನಮ್ಮದೇ ಮುಷ್ಟಿಯಷ್ಟು ದೊಡ್ಡದು. ತೂಕ 250ರಿಂದ 350 ಗ್ರಾಂ. ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಕುರಿಯ ಗುಂಡಿಗೆಯೂ ಹೀಗೇ ಇರುವುದರಿಂದ, ಕಣ್ಣಾರೆ ನೋಡಬೇಕೆನ್ನುವವರು ಮಟನ್ ಅಂಗಡಿಯಲ್ಲಿ ಮೇಲಿನ ನಾಳ ಕತ್ತರಿಸದ ಇಡೀ ಗುಂಡಿಗೆ ಕೇಳಿ ತಂದು ಉದ್ದಕ್ಕೆ ಸೀಳಬಹುದು. ಮೊದಲು ಕಣ್ಣಿಗೆ ಬೀಳುವುದು ಗೋಡೆಗಳ ವ್ಯತ್ಯಾಸ. ಬಲಕುಕ್ಷಿಯ ಗೋಡೆ ತೆಳು, ಎಡಕುಕ್ಷಿಯದು ಅದರ ಎರಡು ಮೂರು ಪಟ್ಟು ದಪ್ಪ.

ದಪ್ಪಕ್ಕೆ ಕಾರಣ ಕೆಲಸದ ಹೊರೆ. ಮೈಯೆಲ್ಲ ಸುತ್ತಿ ಆಮ್ಲಜನಕ ಕಳೆದುಕೊಂಡ ರಕ್ತ ಎರಡು ಮಹಾಸಿರೆಗಳ ಮೂಲಕ ಬಲ ಹೃತ್ಕರ್ಣಕ್ಕೆ, ಅಲ್ಲಿಂದ ಬಲಕುಕ್ಷಿಗೆ ಇಳಿಯುತ್ತದೆ. ಬಲಕುಕ್ಷಿ ಅದನ್ನು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ದೂಡಿದರೆ ಸಾಕು. ಒತ್ತಡ 25 ಮಿ.ಮೀ. ಪಾದರಸದಷ್ಟಿದ್ದರೆ ನಡೆಯುತ್ತದೆ. ಶ್ವಾಸಕೋಶದಲ್ಲಿ ಆಮ್ಲಜನಕ ಹೀರಿದ ರಕ್ತ ಎಡ ಹೃತ್ಕರ್ಣಕ್ಕೆ ಮರಳಿ, ಎಡಕುಕ್ಷಿಗೆ ಇಳಿದು, ಮಹಾಧಮನಿಯ ಮೂಲಕ ನೆತ್ತಿಯಿಂದ ಉಂಗುಷ್ಠದವರೆಗೆ ಹರಿಯಬೇಕು. ಅದಕ್ಕೆ 120ರಷ್ಟು ಒತ್ತಡ ಬೇಕು. ಬಿ.ಪಿ. ಅಳೆದಾಗ ಮೇಲೆ ಬರೆಯುವ ಅಂಕಿ ಇದೇ. ವರ್ಷಗಟ್ಟಲೆ ಬಿ.ಪಿ. ಏರಿಯೇ ಇದ್ದರೆ ಎಡಕುಕ್ಷಿಯ ಗೋಡೆ ಇನ್ನಷ್ಟು ದಪ್ಪವಾಗಿ, ಬಿರುಸಾಗಿ, ಕೊನೆಗೆ ಸೋಲುತ್ತದೆ.

ಒಂದು ಬಡಿತಕ್ಕೆ ಸುಮಾರು 70 ಮಿ.ಲೀ. ರಕ್ತ ಹೊರಬೀಳುತ್ತದೆ. ನಿಮಿಷಕ್ಕೆ 72 ಬಡಿತವೆಂದರೆ 5 ಲೀಟರ್. ದೊಡ್ಡವರ ಮೈಯಲ್ಲಿರುವ ಒಟ್ಟು ರಕ್ತವೂ ಹತ್ತಿರ ಹತ್ತಿರ ಅಷ್ಟೇ. ಅಂದರೆ ನಿಮಿಷಕ್ಕೊಮ್ಮೆ ಇಡೀ ರಕ್ತ ಒಂದು ಸುತ್ತು ಮುಗಿಸುತ್ತದೆ.

ಹಿಂದಕ್ಕೆ ಬಿಡದ ಕವಾಟಗಳು

ರಕ್ತ ಬಂದ ದಾರಿಯಲ್ಲೇ ಹಿಂತಿರುಗದಂತೆ ತಡೆಯಲು ನಾಲ್ಕು ಕವಾಟಗಳಿವೆ. ಬಾವಿಗೆ ಇಳಿಬಿಟ್ಟ ಪಂಪಿನ ಫುಟ್ ವಾಲ್ವಿನಂತೆ ಇವು ಒಂದೇ ಕಡೆಗೆ ತೆರೆಯುತ್ತವೆ. ತೆರೆಯುವುದೂ ಮುಚ್ಚುವುದೂ ಒತ್ತಡದಿಂದಲೇ. ವೈದ್ಯರ ಸ್ಟೆತಾಸ್ಕೋಪಿಗೆ ಕೇಳುವ ‘ಲಬ್–ಡಬ್’ ಸದ್ದು ಇವು ಮುಚ್ಚಿಕೊಳ್ಳುವ ಸದ್ದು. ಮಕ್ಕಳ ಗಂಟಲುಬೇನೆಯನ್ನು ಕಡೆಗಣಿಸಿದರೆ ಕೆಲವರಿಗೆ ರುಮ್ಯಾಟಿಕ್ ಜ್ವರ ಬಂದು, ಎಡಗಡೆಯ ಮೈಟ್ರಲ್ ಕವಾಟ ಮುದುಡಿ ಕಿರಿದಾಗುತ್ತದೆ.

ಕವಾಟ ಹೃದಯದಲ್ಲಷ್ಟೇ ಅಲ್ಲ, ಕೈಕಾಲಿನ ಅಭಿಧಮನಿಗಳಲ್ಲೂ ಇದೆ. ಹೊಲದಲ್ಲಿ ದುಡಿಯುವವರ ಮುಂಗೈಯಲ್ಲಿ ಉಬ್ಬಿ ಕಾಣುವ ನೀಲಿ ನಾಳವನ್ನು ಮಣಿಕಟ್ಟಿನ ಕಡೆ ಒಂದು ಬೆರಳಿನಿಂದ ಒತ್ತಿಹಿಡಿಯಿರಿ. ಇನ್ನೊಂದು ಬೆರಳಿನಿಂದ ಮೊಣಕೈಯತ್ತ ನೀವಿ, ಆ ಬೆರಳನ್ನು ಎತ್ತಿಬಿಡಿ. ನಾಳ ಚಪ್ಪಟೆಯಾಗಿಯೇ ಉಳಿಯುತ್ತದೆ. ಮೇಲಿನ ರಕ್ತ ಕವಾಟ ದಾಟಿ ಕೆಳಗಿಳಿಯದು. ಒತ್ತಿಹಿಡಿದ ಬೆರಳು ತೆಗೆದೊಡನೆ ತುಂಬಿಕೊಳ್ಳುತ್ತದೆ. ರಕ್ತ ಸುತ್ತುತ್ತಲೇ ಇರುತ್ತದೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರ ಪುಸ್ತಕದಲ್ಲಿ ಸಾಧಿಸಿ ತೋರಿಸಿದಾಗ ಬಳಸಿದ ಪ್ರಯೋಗಗಳಲ್ಲಿ ಇದೂ ಒಂದು. ಅಪಧಮನಿಗಳನ್ನೂ ಅಭಿಧಮನಿಗಳನ್ನೂ ಬೆಸೆಯುವ ಕೂದಲೆಳೆಗಿಂತ ಸಣ್ಣ ಲೋಮನಾಳಗಳು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅವನ್ನು 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಕಂಡವನು ಇಟಲಿಯ ಮಾಲ್ಪಿಗಿ.

ಹೃದಯಕ್ಕೆ ಉಣಿಸುವವರು

ಇಷ್ಟು ರಕ್ತ ತನ್ನೊಳಗೇ ಹರಿದರೂ ಹೃದಯದ ದಪ್ಪ ಸ್ನಾಯು ಅದನ್ನು ಕೋಣೆಯಿಂದ ನೇರವಾಗಿ ಹೀರಿಕೊಳ್ಳಲಾರದು. ಅದಕ್ಕೆ ಬೇರೆಯೇ ನಾಳಗಳಿವೆ. ಸೀಳಿದ ಕುರಿಯ ಗುಂಡಿಗೆಯಲ್ಲಿ ಮಹಾಧಮನಿಯ ಬುಡವನ್ನು ಬಿಡಿಸಿ ನೋಡಿ. ಕವಾಟದ ಮೂರು ಪೊರೆಗಳ ಮೇಲೆ ಎರಡು ಚಿಕ್ಕ ತೂತುಗಳು ಕಾಣುತ್ತವೆ. ಪೊರಕೆಯ ಕಡ್ಡಿ ತೂರಿಸಿದರೆ ಅದು ಹೃದಯದ ಹೊರಮೈಯ ಕೊಬ್ಬಿನಡಿ ಸಾಗುವ ನಾಳಕ್ಕೆ ಹೋಗುತ್ತದೆ. ಇವೇ ಕೊರೊನರಿ ಅಪಧಮನಿಗಳು. ಮನುಷ್ಯರಲ್ಲಿ ಇವುಗಳ ಅಗಲ ಕೆಲವೇ ಮಿ.ಮೀ.

ಹೃದಯ ಹೊರದೂಡುವ ರಕ್ತದಲ್ಲಿ ಇವುಗಳ ಪಾಲು ನೂರಕ್ಕೆ ಐದರಷ್ಟು, ನಿಮಿಷಕ್ಕೆ ಸುಮಾರು 250 ಮಿ.ಲೀ. ಆ ರಕ್ತದಿಂದ ಹೃದಯದ ಸ್ನಾಯು ಸುಮ್ಮನೆ ಕುಳಿತಾಗಲೂ ಹೆಚ್ಚಿನ ಆಮ್ಲಜನಕವನ್ನು ಹೀರಿ ಮುಗಿಸಿರುತ್ತದೆ. ಹಾಗಾಗಿ ಏರು ಹತ್ತುವಾಗ, ಚೀಲ ಹೊರುವಾಗ ಹೆಚ್ಚು ಬೇಕಾದರೆ ಹೆಚ್ಚು ರಕ್ತವೇ ಹರಿಯಬೇಕು. ನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗಿದ್ದರೆ ಆಗ ಎದೆ ಬಿಗಿಯುತ್ತದೆ, ನಿಂತರೆ ಸಡಿಲವಾಗುತ್ತದೆ. ಇದು ಮುನ್ಸೂಚನೆ. ಒಂದು ದಿನ ಆ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿದರೆ ಹೃದಯಾಘಾತ. ಅರ್ಧ ಗಂಟೆಯೊಳಗೇ ಆ ಭಾಗದ ಸ್ನಾಯು ಸಾಯತೊಡಗುತ್ತದೆ. ಆರು ಗಂಟೆ ಕಳೆಯುವಷ್ಟರಲ್ಲಿ ಬಹುಭಾಗ ಹೋಗಿರುತ್ತದೆ. ಸತ್ತ ಸ್ನಾಯು ಮತ್ತೆ ಬೆಳೆಯದು.

ಮೊದಲು ಇಸಿಜಿ, ಆಮೇಲೆ ಕಲಬುರಗಿ

ಗ್ಯಾಸೋ ಹೃದಯಾಘಾತವೋ ಎಂಬುದನ್ನು ಕೈಯಿಟ್ಟು ನೋಡಿ ಹೇಳಲಾಗದು, ಇಸಿಜಿ ಬೇಕು. ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹರಡಬಹುದು. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ನೋವೇ ಇಲ್ಲದೆ ಏದುಸಿರು, ಬೆವರು, ವಾಕರಿಕೆ ಮಾತ್ರ ಬರುವುದುಂಟು. 108ಕ್ಕೆ ಕರೆಮಾಡಿ. ರೋಗಿಯನ್ನು ನಡೆಸಬೇಡಿ, ಬೈಕ್ ಮೇಲೆ ಕೂರಿಸಬೇಡಿ.

ನಾಳ ಮುಚ್ಚಿದೆಯೆಂದು ಇಸಿಜಿ ತೋರಿಸಿದರೆ ದಾರಿ ಎರಡು. ಬಲೂನು ಹಾಕಿ ತೆರೆಯುವ ಆಂಜಿಯೋಪ್ಲಾಸ್ಟಿ ಉತ್ತಮ, ಆದರೆ ಎರಡು ಗಂಟೆಯೊಳಗೆ ಆಗಬೇಕು. ಗಾಡಿ ಹುಡುಕುವ ಹೊತ್ತು, ದಾರಿಯ ಹೊತ್ತು, ದಾಖಲಾತಿಯ ಹೊತ್ತು ಸೇರಿ ಅಫಜಲಪುರದಾಚೆಯ ಹಳ್ಳಿಯವರಿಗೆ ಇದು ಕಷ್ಟ. ಆಗ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಇಸಿಜಿ ತೆಗೆದ ಹತ್ತಿರದ ಆಸ್ಪತ್ರೆಯಲ್ಲೇ ಕೊಡುವುದು ಲೇಸು. ನೋವು ಶುರುವಾದ ಮೂರು ಗಂಟೆಯೊಳಗೆ ಕೊಟ್ಟರೆ ಫಲ ಹೆಚ್ಚು. 12 ಗಂಟೆ ಮೀರಿದರೆ ಪ್ರಯೋಜನ ತೀರಾ ಕಡಿಮೆ. ಹಿಂದೆ ಮಿದುಳಿನಲ್ಲಿ ರಕ್ತಸ್ರಾವವಾದವರಿಗೆ ಇದನ್ನು ಕೊಡುವಂತಿಲ್ಲ. ಈಚೆಗೆ ದೊಡ್ಡ ಶಸ್ತ್ರಚಿಕಿತ್ಸೆಯಾಗಿದ್ದರೂ ವೈದ್ಯರಿಗೆ ಮೊದಲೇ ತಿಳಿಸಿ.

ಈ ದುಬಾರಿ ಮದ್ದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲೆಂದೇ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಊರಿನ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಯಾವ ಹೊತ್ತಿಗೂ ಆಗುತ್ತದೆಯೇ, ಈ ಚುಚ್ಚುಮದ್ದು ಇದೆಯೇ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ.

ಚುಚ್ಚುಮದ್ದು ಕರಗಿಸುವುದು ಹೆಪ್ಪನ್ನು ಮಾತ್ರ; ನಾಳದ ಗೋಡೆಯ ಕೊಬ್ಬು ಅಲ್ಲೇ ಇರುತ್ತದೆ, ಮತ್ತೆ ಮುಚ್ಚಬಹುದು. ಆದ್ದರಿಂದ ನೋವು ಇಳಿದರೂ ಒಂದು ದಿನದೊಳಗೆ, ನಾಳ ಎಲ್ಲಿ ಕಿರಿದಾಗಿದೆಯೆಂದು ತೋರಿಸುವ ಆಂಜಿಯೋಗ್ರಾಮ್ ಆಗಬೇಕು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿದೆ. ಹಿಂದೆ ಇಂಥ ಚಿಕಿತ್ಸೆಗೆ ಸೊಲ್ಲಾಪುರ, ಹೈದರಾಬಾದ್ ಎಂದು ಓಡುತ್ತಿದ್ದವರಿಗೆ ಈಗ ಅದು ಜಿಲ್ಲೆಯಲ್ಲೇ ಸಿಗುತ್ತದೆ. ‘ಆರಾಮಾಗ್ಯಾದ, ಮನಿಗಿ ಹೋಗ್ತೀನಿ’ ಎಂದು ರೋಗಿ ಹಟ ಹಿಡಿದರೂ ಮನೆಯವರು ಒಪ್ಪಬಾರದು.