ಅರಿವಿನ ಅರಿವು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಿಂದ ವೈದ್ಯ ವಿದ್ಯೆಯನ್ನರಸಿ ಹೊರಡುವ ಮಕ್ಕಳು ಬಹುಮಟ್ಟಿಗೆ ತಮ್ಮ ಊರಿನ ಶಾಲೆಗೆ ಮೊದಲಿಗರಾಗಿದ್ದವರು. ಕಲ್ಲುಗಣಿ, ಸಿಮೆಂಟು ಕಾರ್ಖಾನೆ, ತೊಗರಿಯ ಹೊಲಗಳಲ್ಲಿ ದುಡಿದ ಮನೆಗಳ ಆಸೆಯೆಲ್ಲ ಅವರ ಬೆನ್ನ ಮೇಲಿರುತ್ತದೆ. 1963ರಲ್ಲಿ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಆರಂಭವಾಗಿ ಈ ಸೀಮೆಗೆ ದಾರಿ ತೆರೆಯಿತು. 371ಜೆ ವಿಧಿಯ ಮೀಸಲಾತಿ 2013ರಿಂದ ಆ ದಾರಿಯನ್ನು ಅಗಲಗೊಳಿಸಿತು. ಬಾಗಿಲು ದಾಟಿದ ಮೇಲಿನ ಮನಸ್ಸಿನ ಪಾಡೇನು?

ಕನ್ನಡ ಕಲಿಸುವ ನನಗೆ ವೈದ್ಯದ ಗಂಧವಿಲ್ಲ. ಆದರೆ ರಜೆಯಲ್ಲಿ ಕಾಣಬರುವ ಹಳೆಯ ಶಿಷ್ಯರ ಬಾಯಲ್ಲಿ ಒಂದೇ ಮಾತನ್ನು ಹಲವು ಸಲ ಕೇಳಿದ್ದೇನೆ: “ಸರ್, ನನ್ನ ತಲೆಯೇ ಸಾಲದು.” ಚಿಂಚೋಳಿ ಕಡೆಯ ಹುಡುಗಿಯೊಬ್ಬಳು ಅಂಗರಚನಾಶಾಸ್ತ್ರದ ಅಧ್ಯಾಯವನ್ನು ನಾಲ್ಕು ಸಲ ಓದಿಯೂ ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ನಿದ್ದೆಗೆಟ್ಟಿದ್ದಳು. “ಪುಸ್ತಕ ಮುಚ್ಚಿ ನಿನಗೆ ನೀನೇ ಹೇಳಿಕೊಂಡೆಯೇನಮ್ಮ?” ಎಂದೆ. ಅವಳು ಸುಮ್ಮನಾದಳು.

ತಾನು ಬಲ್ಲುದೆಷ್ಟು, ಅರಿಯದುದೆಷ್ಟು ಎಂಬುದನ್ನು ಅಳೆಯುವ ಈ ಶಕ್ತಿಯನ್ನು ಮನಶ್ಶಾಸ್ತ್ರಜ್ಞ ಜಾನ್ ಫ್ಲಾವೆಲ್ 1970ರ ದಶಕದಲ್ಲಿ ‘ಮೆಟಾಕಾಗ್ನಿಷನ್’ ಎಂದು ಕರೆದನು. ನಾವು ಅದನ್ನು ಅರಿವಿನ ಅರಿವು ಎನ್ನಬಹುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ವಿದ್ವಾಂಸರು ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ಮತ್ತೆ ಮತ್ತೆ ಓದಿದವರು ತಮಗೆ ಚೆನ್ನಾಗಿ ನೆನಪಿರುವುದೆಂದು ಹೆಚ್ಚು ನಂಬಿದ್ದರು. ವಾರ ಕಳೆದ ಮೇಲೆ ನೋಡಿದರೆ ಹೆಚ್ಚು ನೆನಪುಳಿದುದು ಪುಸ್ತಕವಿಲ್ಲದೆ ನೆನೆದು ಬರೆದವರಿಗೆ. ಕಣ್ಣಿಗೆ ಪರಿಚಿತವಾದುದನ್ನು ನಾವು ಮನಸ್ಸಿಗೆ ದಕ್ಕಿತೆಂದು ಭ್ರಮಿಸುತ್ತೇವೆ. ಕನ್ನಡದಲ್ಲಿ ಓದಿ ಬೆಳೆದು ಇಂಗ್ಲಿಷಿನ ಗ್ರಂಥಗಳ ಮುಂದೆ ಕುಳಿತವರಿಗಂತೂ, ತಿಳಿಯದಿರುವುದು ವಿಷಯವೋ ಭಾಷೆಯೋ ಎಂಬುದೇ ಗೊತ್ತಾಗದು. ಓದಿದುದನ್ನು ಅವರು ತಮ್ಮ ಕನ್ನಡದಲ್ಲಿ ಗೆಳೆಯನಿಗೆ ವಿವರಿಸಲಿ. ಮಾತು ಎಲ್ಲಿ ತಡವರಿಸುವುದೋ ಅಲ್ಲಿಂದ ಓದು ಮೊದಲಾಗಬೇಕು.

ಓದುವ ಕ್ರಮ ಸೋತುದನ್ನು ತಾನೇ ಸೋತೆನೆಂದು ತಿಳಿಯುವುದು ಎಷ್ಟು ದಾರುಣ! ಕ್ರಮವನ್ನು ತಿದ್ದಿಕೊಳ್ಳಬಹುದು, ತಾನೇ ಅಯೋಗ್ಯನೆಂಬ ತೀರ್ಪು ಮನಸ್ಸನ್ನು ಕೊರೆಯುತ್ತದೆ. ಹಾಗೆಂದು ಎಲ್ಲ ಸಂಕಟವೂ ಓದಿನ ಕ್ರಮದಿಂದ ನೀಗುವುದಿಲ್ಲ. ನಿದ್ದೆ, ಊಟ, ಬದುಕುವ ಆಸೆ ಕುಂದಿದಾಗ ನೆರವು ಬೇಕೆಂದು ಕಂಡುಕೊಳ್ಳುವುದೂ ಅರಿವಿನ ಅರಿವೇ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯಲ್ಲಿ, 14416 ಸಂಖ್ಯೆಗೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ನಾಳೆ ರೋಗಿಗೆ “ಎಲ್ಲಿ ನೋವು, ಹೇಳಿ” ಎನ್ನಬೇಕಾದವರು ಇಂದು ತಮ್ಮ ನೋವನ್ನು ಹೇಳಲು ನಾಚಬೇಕಾಗಿಲ್ಲ. ಹೆತ್ತವರೂ ಅಂಕವನ್ನು ಕೇಳುವ ಮುನ್ನ “ನಿದ್ದೆ ಬಂತೆ, ಮಗು?” ಎಂದು ಕೇಳಲಿ.